ಜಯಕ್ಕನ ಲಾಗಿನ್

ಆ ರೋಲರನ್ನು ಗುಜರಿ ಎಂದು ಕಂಪ್ಯೂಟರಿಗೆ ಹಾಕಿದವನು ನಾನು. ನೀವಲ್ಲ, ಜಯಕ್ಕ. ನಿಮ್ಮ ಲಾಗಿನ್ನಿನಲ್ಲಿ, ನಿಮ್ಮ ಹೆಸರಿನಲ್ಲಿ, ನನ್ನ ಕ್ಯಾಬಿನ್ನಿನಲ್ಲಿ ಕುಳಿತು ನಾನೇ ಒತ್ತಿದೆ. ಆರು ವರ್ಷ ಈ ಮಾತನ್ನು ನುಂಗಿಕೊಂಡು, ಅದೇ ಕ್ಯಾಬಿನ್ನಿನಲ್ಲಿ ದಿನಾ ಊಟ ಮಾಡಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಮದ್ದೂರಿನ ನಮ್ಮ ಕಾರ್ಖಾನೆಯ ಸ್ಟೋರು ಇಪ್ಪತ್ತು ವರ್ಷ ನಿಮ್ಮ ಕೈಯಲ್ಲಿತ್ತು. ಬೆಸಗರಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಬೀಗ ತೆಗೆಯುತ್ತಿದ್ದವರು ನೀವು. ಆಲೆಮನೆಗಳ ಗಾಣಕ್ಕೆ ರೋಲರು ಮಾಡುವುದು, ಸವೆದದ್ದಕ್ಕೆ ಹೊಸದಾಗಿ ಹಲ್ಲು ಕೊರೆದು ಕೊಡುವುದು ನಮ್ಮ ಕೆಲಸ. ಗಾಣ ನಿಂತರೆ ಕಡಿದು ತಂದ ಕಬ್ಬು ಒಣಗುತ್ತದೆ. ಅದಕ್ಕೇ ಬದ್ಲಿ. ಸವೆದ ರೋಲರನ್ನು ನಮ್ಮಲ್ಲಿ ಬಿಟ್ಟು, ನಮ್ಮದೊಂದನ್ನು ತೆಗೆದುಕೊಂಡು ಹೋಗಿ ಗಾಣ ಓಡಿಸುತ್ತಾರೆ. ತಮ್ಮದು ಸರಿಯಾದ ಮೇಲೆ ನಮ್ಮದನ್ನು ತಂದಿಟ್ಟು ತಮ್ಮದನ್ನೇ ಒಯ್ಯುತ್ತಾರೆ. ಕಾಗದವಿಲ್ಲ, ರಸೀದಿಯಿಲ್ಲ. ರೋಲರಿನ ಮೈಮೇಲೆ ನೀವು ಸೀಮೆಸುಣ್ಣದಲ್ಲಿ ಬರೆದ ಊರಿನ ಹೆಸರೇ ಎಲ್ಲ. ಒಂದು ದಿನವೂ ಒಬ್ಬರ ರೋಲರು ಇನ್ನೊಬ್ಬರ ಲಗೇಜ್ ಆಟೋ ಹತ್ತಲಿಲ್ಲ.

ಹಾಗಿರುವಾಗ ಯಜಮಾನರು ಕ್ಲೌಡ್ ಇಆರ್‌ಪಿ ತರಿಸುವ ಮನಸ್ಸು ಮಾಡಿದರು. ಸ್ಟೋರು, ಲೇತು, ಡೆಲಿವರಿ ಎಲ್ಲದರ ವಿವರವನ್ನೂ ಇಂಟರ್ನೆಟ್ಟಿನ ಮೂಲಕ ಎಲ್ಲೋ ಇರುವ ಕಂಪ್ಯೂಟರಿನಲ್ಲಿ ಇಡುವ ಸಾಫ್ಟ್‌ವೇರು. ಅದು ನಮ್ಮಂಥ ಕಾರ್ಖಾನೆಗೆ ಒಗ್ಗುವಷ್ಟು ಬಲಿತಿದೆಯೇ, ಇನ್ನೂ ಎಳಸೇ — ಮೂರು ತಿಂಗಳು ಓಡಿಸಿ ನೋಡಿ ಹೇಳುವ ಹೊಣೆ ಪ್ರೊಡಕ್ಷನ್ ಮ್ಯಾನೇಜರ್ ಆದ ನನಗೆ. ನೋಡುವ ಮೊದಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ನಾವು ಕ್ಲೌಡಿಗೆ ಹೋಗುತ್ತಿದ್ದೇವೆ ಎಂದು ಮಂಡ್ಯದಲ್ಲಿ ನಾಲ್ಕು ಕಾರ್ಖಾನೆಯವರ ಮುಂದೆ ಕೊಚ್ಚಿಕೊಂಡೂ ಆಗಿತ್ತು.

ನೀವು ಒಂದೇ ವಾರದಲ್ಲಿ ಅದರ ಬಂಡವಾಳ ಕಂಡುಹಿಡಿದಿರಿ. ಬದ್ಲಿ ಕೊಟ್ಟ ನಮ್ಮ ರೋಲರನ್ನು ಅದು ‘ಕಾಣೆ’ ಎಂದಿತು. ಗಿರಾಕಿ ಬಿಟ್ಟುಹೋದ ರೋಲರನ್ನು ‘ಹೆಚ್ಚುವರಿ’ ಎಂದಿತು. ಎರಡಕ್ಕೂ ಕೆಂಪು ಗೆರೆ. ನೀವು ನನ್ನ ಬಾಗಿಲಲ್ಲಿ ನಿಂತು ಹೇಳಿದಿರಿ:

“ಇದ್ಕೆ ಬದ್ಲಿ ಅಂದ್ರೆ ಗೊತ್ತಿಲ್ಲ ಕಣ್ ಸಾ. ಇನ್ನೊಂದ್ ಸೀಜನ್ ನೋಡ್ಬುಟ್ಟು ಆಮ್ಯಾಕೆ ತಗಳಿ.”

ಮೂರು ತಿಂಗಳಲ್ಲಿ ನಾನು ಬರೆಯಬೇಕಿದ್ದ ವರದಿ ಅದೇ ಆಗಿತ್ತು. ಆದರೆ ನನಗೆ ಬೇಕಿದ್ದದ್ದು ಬೇರೆ — ನಾನು ಸಾಫ್ಟ್‌ವೇರಿನವನಿಗೆ ಫೋನ್ ಮಾಡಿದೆ. ಸಾಫ್ಟ್‌ವೇರಿನ ಮುಂದಿನ ವರ್ಷನ್ನಿನಲ್ಲಿ ಬದ್ಲಿಯೂ ಬರುತ್ತದೆ ಅಂದ. ಅಲ್ಲಿಯವರೆಗೆ? ಏನಾದರೂ ಒಂದು ಹಾಕಿಕೊಳ್ಳಿ ಸಾರ್ ಅಂದ. ಅವನನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ — ಆದರೆ ಹಾಕಿದವನು ಅವನಲ್ಲವಲ್ಲ. ಸ್ಟೋರಿನ ಲೆಕ್ಕ ತೆರೆಯುತ್ತಿದ್ದದ್ದು ನಿಮ್ಮ ಲಾಗಿನ್ನಿನಲ್ಲಿ ಮಾತ್ರ. ಅದರ ಪಾಸ್‌ವರ್ಡ್ ಇಟ್ಟುಕೊಟ್ಟವನು ನಾನೇ, ನನಗೆ ಗೊತ್ತಿತ್ತು. ನಮ್ಮ ರೋಲರಿಗೆ ‘ಮಾರಾಟ’ ಎಂದು ಒತ್ತಿದೆ. ಲೇತಿನ ಸರದಿ ಕಾಯುತ್ತಿದ್ದ, ಮಳವಳ್ಳಿ ಕಡೆಯ ಸಿದ್ದೇಗೌಡರ ರೋಲರಿಗೆ ‘ಗುಜರಿ’ ಎಂದು ಒತ್ತಿದೆ. ಕೆಂಪು ಹೋಗಿ ಹಸಿರು ಬಂತು. ಆ ಹಸಿರನ್ನೇ ಪ್ರಿಂಟ್ ತೆಗೆದು ಯಜಮಾನರ ಮುಂದಿಟ್ಟೆ. ಅವರು ಒಂದು ಹಾಳೆಯನ್ನೂ ತಿರುವಲಿಲ್ಲ. “ಒಂದೇ ಮಾತಲ್ಲಿ ಹೇಳಿ, ತಗೊಳ್ಳಬಹುದೋ ಬೇಡವೋ” ಎಂದರು. ತಗೊಳ್ಳಬಹುದು ಎಂದೆ.

ಅದೇ ವಾರ, ನೀವು ಕಣ್ಣು ತೋರಿಸಿಕೊಳ್ಳಲು ಮಂಡ್ಯಕ್ಕೆ ಹೋದ ದಿನ, ಗುಜರಿ ಲಾರಿ ಬಂತು. ಕೆಲಸದವರು ಕಂಪ್ಯೂಟರಿನ ಪಟ್ಟಿ ನೋಡಿ ತುಂಬಿದರು. ಸೀಮೆಸುಣ್ಣ ನೋಡಬೇಡಿ, ಪಟ್ಟಿ ನೋಡಿ ಎಂದು ಗೋಡೆಗೆ ನೋಟಿಸು ಅಂಟಿಸಿದ್ದವನೂ ನಾನೇ. ಸಿದ್ದೇಗೌಡರು ಬರುವ ಹೊತ್ತಿಗೆ ಅವರ ಅಪ್ಪನ ಕಾಲದ ರೋಲರು ಯಾವುದೋ ಫೌಂಡ್ರಿಯಲ್ಲಿ ಕರಗಿಹೋಗಿತ್ತು. ಅವರು ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಬೈಯಬೇಕಾದದ್ದೇ — ಬೈಸಿಕೊಂಡವರು ನೀವು.

ಯಜಮಾನರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. ನೀವು ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಿರಿ.

“ನಾನು ಗುಜರಿ ಅಂತ ಒತ್ತಿಲ್ಲ ಸಾ. ನೀವೇ ಯೋಳಿ.”

“ಲಾಗಿನ್ ಅವರದ್ದೇ,” ಎಂದೆ ನಾನು.

ಅಷ್ಟೇ. ಸುಳ್ಳೂ ಅಲ್ಲ ಅದು — ಅದೇ ನನ್ನನ್ನು ಇವತ್ತಿಗೂ ಕೊರೆಯುವುದು. ನೀವು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು ಹೊರಟಿರಿ. ಒಂದು ಮಾತು ಬೈದು ಹೋಗಿದ್ದರೆ... ಛೆ, ಇದನ್ನೂ ನಿಮ್ಮ ತಲೆಗೇ ಕಟ್ಟುತ್ತಿದ್ದೇನೆ ನೋಡಿ. ರೋಲರನ್ನು ಗುಜರಿಗೆ ಮಾರಿಕೊಂಡಳು ಎಂದು ಊರಲ್ಲಿ ಆಡಿಕೊಂಡರಂತೆ. ಆಮೇಲೆ ಎಲ್ಲೂ ನಿಮ್ಮನ್ನು ಸ್ಟೋರಿಗೆ ಸೇರಿಸಿಕೊಳ್ಳಲಿಲ್ಲವಂತೆ. ಅದನ್ನೆಲ್ಲ ಕೇಳಿಸಿಕೊಂಡೇ ಆ ಕ್ಯಾಬಿನ್ನಿನಲ್ಲಿ ಊಟ ಮಾಡಿದೆ.

ಹೋದ ವಾರ ಸಾಫ್ಟ್‌ವೇರಿನವರು ಹೊಸ ವರ್ಷನ್ ಕೊಟ್ಟರು. ಬದ್ಲಿಗೆ ಈಗ ಒಂದು ಬಟನ್ ಇದೆ. ನೀವು ಒಂದು ವಾರದಲ್ಲಿ ಕಂಡದ್ದನ್ನು ಕಾಣಲು ಅವರಿಗೆ ಆರು ವರ್ಷ ಬೇಕಾಯಿತು. ಆ ಬಟನ್ ನೋಡಿ ತಲೆ ಕೆಟ್ಟು ಹಳೆಯ ದಾಖಲೆ ತೆಗೆದೆ. ಸಿದ್ದೇಗೌಡರ ರೋಲರು, ಗುಜರಿ, ಪಕ್ಕದಲ್ಲಿ ಇವತ್ತಿಗೂ ನಿಮ್ಮ ಹೆಸರು. ಆ ಹೆಸರು ತೆಗೆಯಿರಿ ಎಂದು ಫೋನಿನಲ್ಲಿ ಕೂಗಾಡಿದೆ. ಹಳೆಯದನ್ನು ಯಾರಿಗೂ ತಿದ್ದಲು ಬರುವುದಿಲ್ಲ, ಕೆಳಗೆ ಒಂದು ಷರಾ ಬರೆಯಬಹುದು ಅಷ್ಟೇ ಎಂದರು.

ಬರೆದೆ. ಪ್ರಿಂಟ್ ತೆಗೆದು ಸಹಿ ಹಾಕಿ ಒಂದನ್ನು ಯಜಮಾನರ ಕೈಗೇ ಕೊಟ್ಟೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಇನ್ನೊಂದನ್ನು ಮಳವಳ್ಳಿಗೆ ಒಯ್ದು ಸಿದ್ದೇಗೌಡರಿಗೆ ಓದಿ ಹೇಳಿದೆ. ಅವರು ನನ್ನ ಮುಖಕ್ಕೆ ಉಗಿಯದೆ ಬಿಟ್ಟದ್ದೇ ಹೆಚ್ಚು. ಮೂರನೆಯದು ಈ ಕಾಗದದ ಜೊತೆಗಿದೆ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ. ನೀವೇ ಯೋಳಿ ಅಂದಿದ್ದಿರಲ್ಲ ಅವತ್ತು. ಷರಾದಲ್ಲಿ ಇರುವುದು ಇಷ್ಟು: ‘ಇದನ್ನು ಒತ್ತಿದ್ದು ಜಯಮ್ಮನವರಲ್ಲ. ನಾನು.’ ಕೆಳಗೆ ನನ್ನ ಹೆಸರಿದೆ.