ಕೇಳಿ ತಿಂದ ಆಲೂಗಡ್ಡೆ

ಕಳೆದ ವಾರ ಅಣ್ಣನ ಮಗಳು ರಾಜಾಜಿನಗರದಲ್ಲಿ ಹೊಸದಾಗಿ ಶುರುವಾದ ಅಮೆರಿಕನ್ ಡೈನರ್‌ಗೆ ನನ್ನನ್ನು ಕರೆದುಕೊಂಡು ಹೋದಳು. ಬಾಗಿಲು ತೆಗೆಯುತ್ತಲೇ ಕಾವಲಿಯ ಮೇಲೆ ಆಲೂಗಡ್ಡೆ ಕೆಂಪಗಾಗುವ ವಾಸನೆ ಮೂಗಿಗೆ ಬಡಿಯಿತು. ಎದುರುಮನೆ ಆಂಟಿ ನೆನಪಾದರು. ಬರೀ ಕಾಫಿ ತರಿಸಿಕೊಂಡೆ.

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಧನುರ್ಮಾಸ ಎಂದರೆ ಆಂಟಿ ಮಾಡುವ ಹುಗ್ಗಿ. ಭಜನಾ ಮಂಡಳಿಯ ನೈವೇದ್ಯವನ್ನು ನಸುಕಿನಲ್ಲೇ ಎದ್ದು, ಮಡಿಯುಟ್ಟು ಅವರೇ ಬೇಯಿಸುತ್ತಿದ್ದರು. ಮಕ್ಕಳಿರಲಿಲ್ಲ. ವರ್ಷವಿಡೀ ಆ ಒಂದು ತಿಂಗಳಿಗಾಗಿ ಕಾಯುತ್ತಿದ್ದರು.

ಮಂಡಳಿಯ ಹೆಂಗಸರು ಅಮೆರಿಕ ಪ್ರವಾಸ ಹೊರಟಾಗ ಅಮ್ಮನ ಜೊತೆ ನಾನೂ ಹೋಗಿದ್ದೆ. ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ಟೂರು ಅದು. ಅಷ್ಟು ದೂರ ಹೋಗಿ ಚಿತ್ರಾನ್ನ ತಿಂದು ಬರುವ ಜನ ನಾವು. ಒಂದು ದಿನ ಅಡುಗೆಯವರ ವ್ಯಾನು ಕೆಟ್ಟು ನಿಂತಿತು. ಊಟದ ಹೊತ್ತು ಮೀರಿ, ಹಸಿವು ತಾಳಲಾರದೆ ಹೆದ್ದಾರಿ ಪಕ್ಕದ ಡೈನರ್‌ಗೆ ನುಗ್ಗಿದೆವು. ನಮಗೆ ಆಗುವಂಥದ್ದು ಎಂದು ಅಲ್ಲಿ ಸಿಕ್ಕಿದ್ದು ಟೋಸ್ಟು ಮತ್ತು ತುರಿದು ಹುರಿದ ಆಲೂಗಡ್ಡೆ. ಯಾರೋ ಬ್ಯಾಗಿನಿಂದ ಚಟ್ನಿಪುಡಿ ತೆಗೆದರು. ಎಲ್ಲರೂ ಗಬಗಬನೆ ಶುರು ಹಚ್ಚಿಕೊಂಡರು.

ಆಂಟಿ ಮಾತ್ರ ತಟ್ಟೆ ಮುಟ್ಟಲಿಲ್ಲ.

"ಮಾಂಸ ಬೇಯ್ಸೋ ಕಾವಲೀಲೇ ಇದನ್ನೂ ಮಾಡ್ತಾರಾ ಅಂತ ಸ್ವಲ್ಪ ಕೇಳಮ್ಮ" ಅಂದರು.

ಸುಮ್ಮನಿರು ಎಂದು ಅಮ್ಮ ನನ್ನ ತೊಡೆ ಚಿವುಟಿದಳು. ನಾನು ಕೇಳಿದೆ. ಬಡಿಸುವಾಕೆ ಮುಚ್ಚುಮರೆ ಮಾಡಲಿಲ್ಲ. ಇರುವುದು ಒಂದೇ ಕಾವಲಿ, ಹುರಿಯುವುದು ಹಂದಿ ಕೊಬ್ಬಿನಲ್ಲೇ ಎಂದಳು. ಅದನ್ನು ಆಂಟಿಗೆ ಕನ್ನಡದಲ್ಲಿ ಹೇಳಿದೆ. ಏನಂದಳು ಎಂದು ಉಳಿದವರ್ಯಾರೂ ಕೇಳಲಿಲ್ಲ. ತಲೆ ತಗ್ಗಿಸಿಕೊಂಡು ತಿಂದರು, ಇನ್ನೊಂದು ಪ್ಲೇಟನ್ನೂ ತರಿಸಿದರು.

ಆಂಟಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದರು, ಕೈ ನಡುಗಲು ಶುರುವಾಗಿತ್ತು. ಕಣ್ಣು ಮುಚ್ಚಿಕೊಂಡು ಅದನ್ನೇ ತಿಂದರು...

ಊರಿಗೆ ಬಂದ ಮೇಲೆ, ಧನುರ್ಮಾಸಕ್ಕೆ ಮುಂಚೆ ಅವರೇ ಮಂಡಳಿಯಲ್ಲಿ ಬಾಯಿಬಿಟ್ಟು ಹೇಳಿದರು. ಏನಾದರೂ ಪ್ರಾಯಶ್ಚಿತ್ತ ಇದ್ದರೆ ಮಾಡಿಕೊಳ್ಳುತ್ತೇನೆ, ಆಮೇಲೆ ಹುಗ್ಗಿಗೆ ನಿಲ್ಲುತ್ತೇನೆ ಎಂದು ಕೇಳಿಕೊಂಡರು. ಗೊತ್ತಿದ್ದೂ ತಿಂದವರ ಕೈಯ ನೈವೇದ್ಯ ದೇವರಿಗೆ ಬೇಡ ಎಂದು ತೀರ್ಮಾನವಾಯಿತು. ತೀರ್ಮಾನ ಹೇಳಿದ ಅಧ್ಯಕ್ಷೆ ನಮ್ಮಮ್ಮ. ನಾನು ಎದ್ದು ನಿಂತು, ನೀವೂ ಅದನ್ನೇ ತಿಂದಿರಲ್ಲ ಎಂದೆ. ನಮಗೆ ಗೊತ್ತಿರಲಿಲ್ಲ ಎಂದರು. ತಿಳಿಯದೆ ತಿಂದರೆ ದೋಷವಿಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು. ಆಂಟಿಯೇ ನನ್ನ ಕೈ ಹಿಡಿದು ಕೂರಿಸಿದರು.

ಆ ವರ್ಷ ಅವರು ಎಲ್ಲರ ಹಿಂದೆ ನಿಂತು ದೊನ್ನೆಯಲ್ಲಿ ಪ್ರಸಾದ ಈಸಿಕೊಂಡರು. ಮರುವರ್ಷದಿಂದ ಬರಲೇ ಇಲ್ಲ. ಧನುರ್ಮಾಸದಲ್ಲಿ ಅವರ ಅಡುಗೆಮನೆಯ ದೀಪ ಎಂದಿನ ಹೊತ್ತಿಗೇ ಹತ್ತುತ್ತಿತ್ತು. ಒಬ್ಬರೇ ಏನು ಮಾಡುತ್ತಿದ್ದರೋ... ಹೋದ ವರ್ಷ ತೀರಿಕೊಂಡರು.

ಈಗ ಮಂಡಳಿಯ ಹುಗ್ಗಿ ಕೇಟರಿಂಗ್‌ನವರಿಂದ ಬರುತ್ತದೆ. ಮೊನ್ನೆ ಅಮ್ಮ ಒಂದು ತುತ್ತು ಬಾಯಿಗಿಟ್ಟು, ಅವಳ ಕೈರುಚಿ ಯಾರಿಗೂ ಬರುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಅವ್ರನ್ನ ಒಲೆ ಮುಂದಿಂದ ಎಬ್ಸಿದ್ದು ನೀನೇ ಅಲ್ವಾಮ್ಮ?"

ಅಮ್ಮ ದೊನ್ನೆ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಅಂದಳು:

"ಅವಳು ಕೇಳಬಾರ್ದಿತ್ತು ಕಣೇ."