ಫೋಟೊದಲ್ಲಿ ಇಲ್ಲದವರನ್ನು ಹುಡುಕುವ ಕಪಾಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ನಿಲ್ದಾಣದ ಹಿಂಬದಿಯಲ್ಲಿ ರಾತ್ರಿಯಿಡೀ ಓಡಿ ಬಂದ ಬಸ್ಸುಗಳು ಸಾಲಾಗಿ ನಿಂತಿವೆ. ಕಸ ಗುಡಿಸುವ ಹೆಂಗಸರು ಒಂದೊಂದರಿಂದ ಇಳಿದು ಬಂದು, ಸೀಟುಗಳ ಸಂದಿಯಲ್ಲಿ ಸಿಕ್ಕಿದ್ದನ್ನು ಮೂಲೆಯ ಕೋಣೆಯ ಕಿಟಕಿಯೊಳಗೆ ತೂರಿಸಿ ಹೋಗುತ್ತಿದ್ದಾರೆ. ಒಂದು ಕೊಡೆ. ಮತ್ತೊಂದು ಕೊಡೆ. ಎಡಗಾಲಿನ ಬೂಟು. ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು. ಕಿಟಕಿಯ ಒಳಗೆ ಕೂತಾಕೆ ಆ ಹಲ್ಲನ್ನು ಬಲ್ಬಿನ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ. “ಇವರು ಬೇಗ ಬರ್ತಾರೆ ಬಿಡಿ. ತಿಂಡಿಗೆ ಕೂತ ತಕ್ಷಣ ಗೊತ್ತಾಗುತ್ತಲ್ಲ,” ಎಂದು ಅದನ್ನು ಕೈಗೆಟಕುವ ಕಡೆಯೇ ಇಡುತ್ತಾರೆ.

ಡ್ರೈವರು, ಕಂಡಕ್ಟರುಗಳ ಬಾಯಲ್ಲಿ ಆಕೆ ಕಪಾಟಕ್ಕ. ಕಾಗದದ ಮೇಲೆ ಬೇರೇನೋ ಹುದ್ದೆಯ ಹೆಸರಿದೆ, ಅದನ್ನು ಸಂಬಳದ ದಿನ ಬಿಟ್ಟರೆ ಯಾರೂ ಬಳಸುವುದಿಲ್ಲ. ಬಸ್ಸಿನಲ್ಲಿ ಜನ ಮರೆತು ಹೋದ ವಸ್ತುಗಳನ್ನು ಕಾದಿಟ್ಟು, ವಾರಸುದಾರರನ್ನು ಪತ್ತೆ ಹಚ್ಚಿ, ಕೈಗೆ ಕೊಡುವುದು ಆಕೆಯ ಕೆಲಸ. ಕೋಣೆಯ ಮೂರು ಗೋಡೆಗೂ ಕಪಾಟು, ನಾಲ್ಕನೆಯದಕ್ಕೆ ಕಿಟಕಿ. ನಡುವೆ ಒಂದು ಸ್ಟೂಲು, ಒಂದು ಮೇಜು, ಆಕೆ. ದಿನಕ್ಕೆ ಮೂವತ್ತರ ಆಸುಪಾಸು ವಸ್ತುಗಳು ಬರುತ್ತವೆ, ಅದರಲ್ಲಿ ಅರ್ಧಕ್ಕರ್ಧ ಕೊಡೆಗಳೇ. ಕೊಡೆ ಕಳಕೊಂಡವರು ಹುಡುಕಿಕೊಂಡು ಬರುವುದು ಅಪರೂಪ, ಬಂದವರೂ ತಮ್ಮದಕ್ಕಿಂತ ಒಳ್ಳೆಯದೊಂದನ್ನು ತೋರಿಸಿ ‘ಅದೇ ನಂದು’ ಅನ್ನುತ್ತಾರಂತೆ.

ಮೊದಲು ಆಕೆಯೂ ಬಸ್ಸು ಗುಡಿಸುತ್ತಿದ್ದವರೇ. ಬಗ್ಗಿ ಬಗ್ಗಿ ಸೊಂಟ ಕೈಕೊಟ್ಟ ಮೇಲೆ ಮೇಲಿನವರು ಈ ಕೋಣೆಗೆ ಹಾಕಿದರು. ಹೊರಗಿನಿಂದ ನೋಡಿದರೆ ಕೂತು ಮಾಡುವ ಸುಖದ ಕೆಲಸ. ಆದರೆ ಸಿಗದ ವಸ್ತುವಿನ ಬೈಗುಳವೆಲ್ಲ ಬೀಳುವುದು ಈಕೆಯ ತಲೆಯ ಮೇಲೆ. ಎಲ್ಲೋ ಬೀಳಿಸಿಕೊಂಡ ಬಳೆಗೆ ಈಕೆಯ ಕೈ ನೋಡಿದವರಿದ್ದಾರೆ, ನೀನೇ ಮನೆಗೆ ಸಾಗಿಸಿದೆ ಎಂದು ಕಿಟಕಿ ಬಡಿದವರಿದ್ದಾರೆ. ಆ ಮಾತನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋದರೆ ಅಲ್ಲಿ ಅತ್ತೆಯ ರಾಗ ಬೇರೆ. ಊರವರ ಸಾಮಾನೆಲ್ಲ ಹುಡುಕಿ ಕೊಡ್ತೀಯಂತೆ, ನನ್ನ ಕನ್ನಡಕ ಮಾತ್ರ ನಿನ್ನ ಕಣ್ಣಿಗೆ ಬೀಳಲ್ಲ ಅಂತ.

ಇಷ್ಟೆಲ್ಲ ಇದ್ದೂ ಈ ಕೋಣೆ ಬಿಟ್ಟು ಹೋಗುವ ಮನಸ್ಸಿಲ್ಲ, ಯಾಕೆಂದರೆ ಕಪಾಟಕ್ಕನಿಗೆ ಕುತೂಹಲ ಜಾಸ್ತಿ. ಯಾರ ಚೀಲ, ಎಲ್ಲಿಗೆ ಹೊರಟಿತ್ತು, ಒಂದೇ ಬೂಟು ಬಿಟ್ಟು ಇಳಿದವರು ಹೇಗೆ ನಡೆದರು ಎಂದು ಯೋಚಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ಕುತೂಹಲಕ್ಕೆ ಹಬ್ಬದೂಟದಂತೆ ಸಿಗುವುದು ಅಂಗೈಯಗಲದ ಡಿಜಿಟಲ್ ಕ್ಯಾಮೆರಾ. ಈಗ ಎಲ್ಲರ ಕೈಯಲ್ಲೂ ಫೋನು, ಕ್ಯಾಮೆರಾ ಯಾರು ಇಟ್ಟುಕೊಳ್ಳುತ್ತಾರೆ ಅನ್ನಬೇಡಿ. ಇಟ್ಟುಕೊಂಡವರು ಇನ್ನೂ ಇದ್ದಾರೆ, ಬಸ್ಸಿನಲ್ಲಿ ಮರೆಯುವವರೂ ಇದ್ದಾರೆ.

“ಫೋನು ತಾನೇ ಕೂಗಿ ಕರೆಯುತ್ತೆ. ಕಳಕೊಂಡವರು ಅದಕ್ಕೇ ರಿಂಗ್ ಮಾಡ್ತಾರೆ, ನಾನು ಎತ್ತಿ ಹೇಳ್ತೀನಿ, ಮುಗೀತು. ಕ್ಯಾಮೆರಾ ಹಾಗಲ್ಲ. ಅದಕ್ಕೆ ನಂಬರಿಲ್ಲ, ಹೆಸರಿಲ್ಲ. ಆದ್ರೆ ಫೋನಿಗೆ ಬೀಗ ಇರುತ್ತೆ, ಇದಕ್ಕಿಲ್ಲ. ಒಂದು ಗುಂಡಿ ಒತ್ತಿದ್ರೆ ಮನೆಯವರೆಲ್ಲ ಎದುರಿಗೆ ಬಂದು ನಿಂತ್ಕೊಳ್ತಾರೆ,” ಎನ್ನುತ್ತಾರೆ ಕಪಾಟಕ್ಕ. ಹಾಗೆ ಬೇರೆಯವರ ಮನೆಗೆ ಇಣುಕುವಾಗ ಮೊದಮೊದಲು ನಾಚಿಕೆಯಾಗುತ್ತಿತ್ತಂತೆ. ಈಗಲೂ ಆಗುತ್ತದೆ, ಆದರೂ ನೋಡದೆ ಬಿಡುವುದಿಲ್ಲ. ವಾರಸುದಾರರನ್ನು ಹುಡುಕಲು ನೋಡಬಹುದು ಎಂಬ ನಿಯಮ ಇದೆಯಲ್ಲ, ಅದೇ ಧೈರ್ಯ.

ಈಗ ಮೇಜಿನ ಮೇಲೆ ಇರುವ ಕೆಂಪು ಕ್ಯಾಮೆರಾ ಬಂದು ಮೂರು ತಿಂಗಳಾಗುತ್ತ ಬಂತು. ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿದ್ದು. ಮೂರು ತಿಂಗಳಲ್ಲಿ ಯಾರೂ ಬರದಿದ್ದರೆ ಹರಾಜು, ಅದು ನಾಳೆ. ಹರಾಜಿಗೆ ಹಾಕುವ ಮುನ್ನ ಒಳಗಿನ ಫೋಟೊಗಳನ್ನೆಲ್ಲ ಅಳಿಸಿಬಿಡಬೇಕು, ಒಬ್ಬರ ಮನೆಯ ಮುಖಗಳು ಇನ್ನೊಬ್ಬರ ಕೈಗೆ ಸಿಗಬಾರದು ಎಂದು. ಅಳಿಸಿದ್ದು ಮತ್ತೆ ಬರುವುದಿಲ್ಲ. ಕಪಾಟಕ್ಕನಿಗೆ ಅದೇ ತಳಮಳ. ಇದರ ಬಹುಪಾಲು ಫೋಟೊಗಳಲ್ಲಿ ಒಬ್ಬನೇ ಗಂಡಸು ಇದ್ದಾನೆ. ಎತ್ತರದ ಆಳು, ದಪ್ಪ ಮೀಸೆ, ಊಟದ ಮೇಜಿನ ಮುಂದೆ ಕೂತು ಕ್ಯಾಮೆರಾ ಕಡೆ ಗುರಾಯಿಸುತ್ತಿರುತ್ತಾನೆ. ಕಿಟಕಿಗೆ ಟೀ ಕುಡಿಯುತ್ತ ಬಂದವರಿಗೆಲ್ಲ ಆಕೆ ಆ ಮುಖ ತೋರಿಸಿದ್ದೇ ತೋರಿಸಿದ್ದು. ಕೊನೆಗೆ ನಿನ್ನೆ ಒಬ್ಬ ಕಂಡಕ್ಟರು, ‘ಇವನು ಮಾರ್ಕೆಟ್ ಸ್ಟಾಪಿನ ಬೀಗ ರಿಪೇರಿಯವನಲ್ವಾ’ ಎಂದು ಗುರುತು ಹಿಡಿದು, ಸಂಜೆಯೇ ಹೋಗಿ ಸುದ್ದಿ ಮುಟ್ಟಿಸಿದ್ದಾನೆ.

ಬೀಗದವ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಹಾಜರು. ಫೋಟೊದಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಬಡವಾಗಿದ್ದಾನೆ, ಮೀಸೆ ಅದೇ. ಕೊಡಿ, ಅದು ನಂದೇ, ಎನ್ನುತ್ತಾನೆ. ಕಪಾಟಕ್ಕ ಎಂದಿನ ಪ್ರಶ್ನೆ ಕೇಳುತ್ತಾರೆ. ಇದರಲ್ಲಿ ಕೊನೆಗೆ ತೆಗೆದ ಫೋಟೊ ಯಾವುದು? ಆತ ತಬ್ಬಿಬ್ಬಾಗುತ್ತಾನೆ. ಏನೋ ಒಂದು ಇರುತ್ತೆ, ಯಾರು ನೆನಪಿಟ್ಟುಕೊಳ್ತಾರೆ ಎಂದು ಗೊಣಗುತ್ತಾನೆ. ಅಷ್ಟರಲ್ಲಿ ಆ ದಾರಿಯಾಗಿ ಬಂದ ಮ್ಯಾನೇಜರು ಪರದೆಯ ಮೇಲಿನ ಮುಖವನ್ನೂ ಎದುರಿಗಿನ ಮುಖವನ್ನೂ ನೋಡಿ, ಇದಕ್ಕಿಂತ ಸಾಕ್ಷಿ ಬೇಕೇನಮ್ಮ, ಕೊಟ್ಟು ಕಳಿಸಿಬಿಡಿ ಎನ್ನುತ್ತಾರೆ. ಮ್ಯಾನೇಜರು ಕೆಟ್ಟವರಲ್ಲ, ಕೆಲಸ ಬೇಗ ಮುಗಿಯಬೇಕು ಅಷ್ಟೆ.

“ಸಾರ್, ಫೋಟೊದಲ್ಲಿ ಇರೋರು ಇದರ ಯಜಮಾನರಲ್ಲ. ಇಲ್ಲದೇ ಇರೋರು ಯಜಮಾನರು,” ಎನ್ನುತ್ತಾರೆ ಕಪಾಟಕ್ಕ. ಹಿಂದೆ ಒಮ್ಮೆ ಎಲ್ಲ ಫೋಟೊಗಳಲ್ಲೂ ನಗುತ್ತಿದ್ದ ಹೆಂಗಸಿಗೆ ಕ್ಯಾಮೆರಾ ಕೊಟ್ಟು, ಮಾರನೇ ದಿನ ಆಕೆಯ ಓರಗಿತ್ತಿ ಬಂದು ಕಿಟಕಿಯ ಮುಂದೆ ಕುಣಿದಾಡಿದಾಗ ಕಲಿತ ಪಾಠವಿದು. ಫೋನಾದರೆ ಕೈ ಮುಂದೆ ಚಾಚಿ ತಮ್ಮದೇ ಮುಖ ತೆಗೆದುಕೊಳ್ಳುತ್ತಾರೆ. ಇಂಥ ಕ್ಯಾಮೆರಾ ಇರುವವರು ಸದಾ ಅದರ ಹಿಂದೆ. ಅದಕ್ಕೇ ಕಪಾಟಕ್ಕ ಇಲ್ಲದವರ ಗುರುತು ಹುಡುಕುತ್ತಾರೆ. ಈ ಕೆಂಪು ಕ್ಯಾಮೆರಾದ ಊಟದ ಮೇಜಿನ ಮೇಲೆ ಯಾವಾಗಲೂ ಎರಡು ತಟ್ಟೆ. ಒಂದರ ಹಿಂದೆ ಮೀಸೆಯವ, ಇನ್ನೊಂದು ಈಚೆ ಕಡೆಗೆ, ಅದರ ಮುಂದೆ ಯಾರೂ ಇಲ್ಲ. ಆ ಈಚೆ ತಟ್ಟೆಯವರು ಯಾರು ಎಂದು ಕೇಳಿದಾಗ ಬೀಗದವ ನೆಲ ನೋಡುತ್ತಾನೆ. “ನಮ್ಮಕ್ಕ,” ಎನ್ನುತ್ತಾನೆ.

ಹಾಗಾದರೆ ಅಕ್ಕನೇ ಬರಲಿ ಎಂದದ್ದೇ ತಡ, ಆತನ ಮುಖದ ಬಣ್ಣವೇ ಹೋಗುತ್ತದೆ. ಮ್ಯಾನೇಜರು ಆಚೆ ಹೋದ ಮೇಲೆ, ಕಿಟಕಿಯ ಸರಳು ಹಿಡಿದುಕೊಂಡು, ಮೆಲ್ಲಗೆ ಎಲ್ಲ ಹೇಳುತ್ತಾನೆ. ಅಕ್ಕ ನಿವೃತ್ತ ನರ್ಸು, ಒಂಟಿಯಾಗಿದ್ದಾಳೆ. ವಾರಕ್ಕೊಮ್ಮೆ ತಮ್ಮನನ್ನು ಊಟಕ್ಕೆ ಕರೆದು ಫೋಟೊ ಹೊಡೆಯುತ್ತಾಳೆ. ಒಂದು ದಿನ ಆತನ ಫೋನು ಕೆಟ್ಟಿತ್ತು, ದೂರದೂರಲ್ಲಿ ಒಂದು ಹಳೇ ಬೀಗದ ಫೋಟೊ ಬೇಕಿತ್ತು. ಅಕ್ಕನ ಕ್ಯಾಮೆರಾ ಇಸಿದುಕೊಂಡು ಹೋದ. ಅಲ್ಲಿ ಬಸ್ಸಿನಿಂದ ಇಳಿದು ನೋಡಿದರೆ ಕ್ಯಾಮೆರಾ ಇಲ್ಲ. ಅಕ್ಕ ಕೇಳಿದಾಗ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟ. ‘ಆವತ್ತೇ ನಿನ್ನ ಕೈಗೆ ಕೊಟ್ಟೆನಲ್ಲ, ನೀನೇ ಎಲ್ಲೋ ಇಟ್ಟಿದ್ದೀಯ.’

ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಮುಗಿಯಲಿಲ್ಲ. ಅವರ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದು, ಹೆತ್ತ ಮಕ್ಕಳ ಗುರುತೇ ಹತ್ತದೆ ಹೋಗಿತ್ತು. ನೋಡಿಕೊಂಡಿದ್ದವಳು ಈ ಅಕ್ಕನೇ. “ಅಮ್ಮನಿಗೂ ಹೀಗೇ ಶುರುವಾಗಿದ್ದು, ನಂಗೂ ಬಂತು ಕಣೋ ಅಂತಾಳೆ. ಅಡುಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ. ಒಬ್ಬಳೇ ಹೊರಗೆ ಹೋಗೋದೇ ಬಿಟ್ಟಿದ್ದಾಳೆ. ಈಗ ಹ್ಯಾಗೆ ಹೇಳ್ಲಿ ನಾನು? ನೀವು ಕೊಟ್ರೆ ಸುಮ್ನೆ ಅವಳ ಡ್ರಾಯರಿನಲ್ಲಿ ಇಟ್ಟು ಬಂದುಬಿಡ್ತೀನಿ,” ಎಂದು ಗೋಗರೆಯುತ್ತಾನೆ ಬೀಗದವ.

ಕೇಳುತ್ತ ಕೇಳುತ್ತ ಕಪಾಟಕ್ಕನಿಗೆ ಕೋಪವೂ ಬರುತ್ತದೆ, ಅಯ್ಯೋ ಅಂತಲೂ ಅನಿಸುತ್ತದೆ. ಡ್ರಾಯರಿನಲ್ಲಿ ಸಿಕ್ಕರೆ, ಮೂರು ತಿಂಗಳು ಕಣ್ಣೆದುರೇ ಇದ್ದದ್ದು ಕಾಣಲಿಲ್ಲವಲ್ಲ ಎಂದು ನಿಮ್ಮಕ್ಕ ಇನ್ನೂ ಕುಸಿಯುವುದಿಲ್ಲವೇ ಎಂದು ಕೇಳುತ್ತಾರೆ. ಆತನಿಗೆ ಅದು ಹೊಳೆದೇ ಇರಲಿಲ್ಲ. ಕರಕೊಂಡು ಬನ್ನಿ, ನಾಳೆಯಾದರೆ ನನ್ನ ಕೈಮೀರಿ ಹೋಗುತ್ತೆ, ಎಂದಷ್ಟೇ ಹೇಳಿ ಕಪಾಟಕ್ಕ ಕ್ಯಾಮೆರಾವನ್ನು ಒಳಗಿಡುತ್ತಾರೆ. ಬೀಗದವ ಹೊರಟುಹೋಗುತ್ತಾನೆ.

ಮಧ್ಯಾಹ್ನವಾದರೂ ಸುಳಿವಿಲ್ಲ. ಹಲ್ಲಿನವರು ಬಂದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ತಮ್ಮ ಸ್ವತ್ತು ಇಸಿದುಕೊಂಡು ಹೋಗಿದ್ದಾಯಿತು. ಕಪಾಟಕ್ಕ ಊಟದ ಡಬ್ಬಿ ಬಿಚ್ಚಿ ಕೂತರೂ ಕಣ್ಣೆಲ್ಲ ಪ್ಲಾಟ್‌ಫಾರಂ ಕಡೆಗೆ. ಕಾಯುವಾಗ ಸುಮ್ಮನಿರಲಾರದೆ ತಮ್ಮದೇ ಕ್ಯಾಮೆರಾದ ಪುರಾಣ ತೆಗೆಯುತ್ತಾರೆ. ಹೌದು, ಆಕೆಯ ಬಳಿಯೂ ಇಂಥದ್ದೊಂದಿದೆ, ಅಂಗಡಿಯಲ್ಲೇ ಕೊಂಡದ್ದು. ಮರಳಿನ ಒಂದು ಕಣ ಹೊಕ್ಕರೆ ಸಾಕು, ಲೆನ್ಸಿನ ಮೂತಿ ಮುಂದೆ ಚಾಚಿದ್ದು ಒಳಗೆ ಹೋಗುವುದಿಲ್ಲ. ಅದರ ಬ್ಯಾಟರಿ ಸತ್ತರೆ ಪಕ್ಕದ ಮನೆಯ ಚಾರ್ಜರು ಹೊಂದುವುದಿಲ್ಲ. ಸಂಜೆ ಫ್ಲಾಷ್ ಬಿದ್ದರೆ ಮನೆಮಂದಿಯೆಲ್ಲ ದೆವ್ವ ನೋಡಿದವರ ಹಾಗೆ ಕಣ್ಣು ಬಿಟ್ಟಿರುತ್ತಾರೆ. “ದೊಡ್ಡ ತೊಂದರೆ ಅಂದ್ರೆ, ತೆಗೆದದ್ದು ಒಳಗೇ ಕೊಳೀತಿರುತ್ತೆ. ನಮ್ಮ ನಾದಿನಿಗೆ ಅವಳ ಮಗಳ ಫೋಟೊ ಕಳಿಸ್ತೀನಿ ಅಂತ ಹೇಳಿ ಎರಡು ವರ್ಷ ಆಯ್ತು. ಈಗ ಅವಳು ನನ್ನ ಕಂಡ್ರೆ ಬೇಕಂತ ಬೇರೆ ಕಡೆ ನೋಡ್ತಾಳೆ,” ಎಂದು ನಗುತ್ತಾರೆ.

ಹಾಗಿದ್ದರೆ ಫೋನೇ ಸಾಕಲ್ಲ ಎಂದರೆ ಒಪ್ಪುವುದಿಲ್ಲ. ಕ್ಯಾಮೆರಾದಲ್ಲಿ ಫೋಟೊ ತೆಗೆಯುವಾಗ ಮಧ್ಯೆ ಯಾರೂ ಕರೆ ಮಾಡಿ ಕೆಡಿಸುವುದಿಲ್ಲ. ಕೆಲಸ ಮಾಡಿ ಒರಟಾದ ಬೆರಳಿಗೆ ಫೋನಿನ ಗಾಜು ಮಣಿಯುವುದಿಲ್ಲ, ಇದರ ಗುಂಡಿ ಮಣಿಯುತ್ತದೆ. ದೂರದ್ದನ್ನು ಹತ್ತಿರ ಎಳೆದರೆ ಮುಖ ಮುಖವಾಗಿಯೇ ಉಳಿಯುತ್ತದೆ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗದಷ್ಟು ಹಗುರ. ಅದು ಗುಣವೋ ದೋಷವೋ ಎಂದು ಆಕೆಗೇ ಅನುಮಾನ, ಹಗುರ ಇರುವುದಕ್ಕೇ ಅಲ್ಲವೇ ಅದು ಬಸ್ಸಿನಲ್ಲಿ ಉಳಿಯುವುದು. ಉಳಿದರೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬೀಗದವ ಬರುತ್ತಾನೆ, ಹಿಂದೆ ಒಬ್ಬ ಪುಟ್ಟ ಆಕಾರದ ಹೆಂಗಸು. ಬಿಳಿ ಕೂದಲನ್ನು ಅಚ್ಚುಕಟ್ಟಾಗಿ ಬಾಚಿದ್ದಾರೆ, ತಮ್ಮನ ತೋಳು ಬಿಟ್ಟಿಲ್ಲ. ಕ್ಯಾಮೆರಾ ಸಿಕ್ಕಿದೆ ಅಂತಷ್ಟೇ ಆತ ಹೇಳಿ ಕರೆತಂದಿದ್ದಾನೆ, ಮಿಕ್ಕಿದ್ದು ಇನ್ನೂ ಹೇಳಿಲ್ಲ. ನರ್ಸಮ್ಮ ಕಿಟಕಿಯ ಮುಂದೆ ನಿಂತು ತಗ್ಗಿದ ದನಿಯಲ್ಲಿ ಕ್ಷಮೆ ಕೇಳುತ್ತಾರೆ. “ಬಸ್ಸಲ್ಲಿ ಸಿಕ್ತಂತೆ. ನಾನು ಬಸ್ಸು ಹತ್ತಿದ್ದೇ ನಂಗೆ ನೆನಪಿಲ್ಲಮ್ಮ.”

ಕಪಾಟಕ್ಕ ಬೀಗದವನ ಕಡೆ ಒಮ್ಮೆ ನೋಡುತ್ತಾರೆ, ಆತ ಮುಖ ತಿರುಗಿಸುತ್ತಾನೆ. ಆಯಿತು, ನಿಯಮದ ಪ್ರಶ್ನೆ ಒಂದು ಕೇಳಬೇಕು ಎನ್ನುತ್ತ ಕ್ಯಾಮೆರಾದ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕೊನೆಯ ಫೋಟೊ ಯಾವುದು ಎಂದು ಕೇಳುತ್ತಾರೆ. ನರ್ಸಮ್ಮ ಹೆದರಿ, ನನ್ನನ್ನೇನೂ ಕೇಳಬೇಡಿ ಎಂಬಂತೆ ಕೈಯಾಡಿಸುತ್ತಾರೆ. ಅವಸರ ಇಲ್ಲ, ನಿಧಾನಕ್ಕೆ ಹೇಳಿ ಎನ್ನುತ್ತಾರೆ ಕಪಾಟಕ್ಕ.

“ಬಚ್ಚಲಿನ ನಲ್ಲಿ,” ಎನ್ನುತ್ತಾರೆ ನರ್ಸಮ್ಮ ಕೊನೆಗೆ. “ಸೋರ್ತಿತ್ತು. ಎಲ್ಲಿ ಸೋರುತ್ತೆ ಅಂತ ರಿಪೇರಿಯವನಿಗೆ ತೋರಿಸೋಕೆ ತೆಗೆದೆ.”

ಪರದೆಯ ಮೇಲೆ ಬಚ್ಚಲಿನ ನಲ್ಲಿಯೇ ಇದೆ, ತುದಿಯಲ್ಲಿ ಒಂದು ಹನಿ. ಕೊಡಲು ಅಷ್ಟು ಸಾಕು. ಆದರೆ ಕಪಾಟಕ್ಕ ಕೊಡುವುದಿಲ್ಲ. ಅದರ ಹಿಂದಿನದು ಎಂದು ಕೇಳುತ್ತಾರೆ. ಪಕ್ಕದ ಮನೆ ನಾಯಿ, ನನ್ನ ಚಪ್ಪಲಿ ಮೇಲೆ ತಲೆ ಇಟ್ಟು ಮಲಗಿತ್ತು. ಇದೆ. ಅದರ ಹಿಂದಿನದು? ಇವನೇ, ಬಾಯಿ ತುಂಬ ತುತ್ತು ತುಂಬಿಕೊಂಡಿದ್ದ, ಈಗ ಹೊಡೀಬೇಡ ಅಂತ ಬೈದ. ಇದೆ. ಅದರ ಹಿಂದಿನದು? ಗುಂಡಿ ಒತ್ತುತ್ತ ಕಪಾಟಕ್ಕ ಹಿಂದೆ ಹಿಂದೆ ಹೋಗುತ್ತಾರೆ, ನರ್ಸಮ್ಮ ಅವರಿಗಿಂತ ಮುಂದಾಗಿ ಹೇಳುತ್ತಿದ್ದಾರೆ. ದನಿ ಏರುತ್ತಿದೆ. ತಮ್ಮನ ತೋಳು ಯಾವಾಗ ಬಿಟ್ಟರೋ ಅವರಿಗೇ ಗೊತ್ತಿಲ್ಲ. ಹಿಂದೆ ಸಾಲು ಬೆಳೆದು ಯಾರೋ ಗೊಣಗುತ್ತಿದ್ದಾರೆ, ಕಪಾಟಕ್ಕ ಅತ್ತ ತಿರುಗಿಯೂ ನೋಡುವುದಿಲ್ಲ.

ಒಂದು ಹಂತದಲ್ಲಿ ನರ್ಸಮ್ಮನೇ ತಟ್ಟನೆ ನಿಲ್ಲಿಸುತ್ತಾರೆ. “ಇಷ್ಟೆಲ್ಲ ನೆನಪಿದೆಯಲ್ಲ. ಬಸ್ಸು ಹತ್ತಿದ್ದೊಂದು ಯಾಕೆ ನೆನಪಿಲ್ಲ ನಂಗೆ?”

ಕಪಾಟಕ್ಕ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಬೀಗದವನ ಕಡೆ ತಿರುಗುತ್ತಾರೆ. ಬೀಗದವ ಅಕ್ಕನ ಎದುರಿಗೆ ಬಂದು ನಿಲ್ಲುತ್ತಾನೆ.

“ನೀನು ಹತ್ತಲೇ ಇಲ್ಲಕ್ಕ. ಹತ್ತಿದವನು ನಾನು. ಬಿಟ್ಟು ಬಂದವನೂ ನಾನೇ. ನಿನ್ನ ಕೈಗೆ ನಾನು ಕೊಡಲೇ ಇಲ್ಲ.”

ನರ್ಸಮ್ಮ ಬೈಯುವುದಿಲ್ಲ, ಅಳುವುದೂ ಇಲ್ಲ. ಅಂಗೈ ಮುಂದೆ ಚಾಚಿ, “ಮನೆ ಕೀಲಿ ಕೊಡು,” ಎನ್ನುತ್ತಾರೆ. ಎಲ್ಲಾದರೂ ಇಟ್ಟು ಮರೆತೇನು ಎಂಬ ಭಯಕ್ಕೆ, ಕ್ಯಾಮೆರಾ ಕಾಣೆಯಾದ ವಾರವೇ ಅವರು ಅದನ್ನು ಅವನ ವಶಕ್ಕೆ ಕೊಟ್ಟಿದ್ದರಂತೆ. ಬೀಗದವ ಸೊಂಟದ ಗೊಂಚಲಿನಿಂದ ಆ ಕೀಲಿ ಬಿಡಿಸಿ ಕೊಡುತ್ತಾನೆ. ನರ್ಸಮ್ಮ ಕೀಲಿಯನ್ನೂ ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿ, ಸಹಿ ಮಾಡಿ, ಮುಂದಾಗಿ ನಡೆಯುತ್ತಾರೆ. ತಮ್ಮ ಹಿಂದೆ.

ಸಾಲು ಕರಗಿದ ಮೇಲೆ ಮ್ಯಾನೇಜರು ಕಿಟಕಿಗೆ ಬರುತ್ತಾರೆ. ಒಂದು ಕ್ಯಾಮೆರಾ ಕೊಡಲು ಅಷ್ಟು ಹೊತ್ತು ಬೇಕೇ, ಒಂದು ಗುರುತು ಹೇಳಿದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಕಪಾಟಕ್ಕ ಕಪಾಟಿನ ಬಾಗಿಲು ಮುಚ್ಚಿ, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಏಳುತ್ತಾರೆ.

“ನಂಗೆ ಒಂದೇ ಸಾಕಿತ್ತು ಸಾರ್. ಅವರಿಗೆ ಅಷ್ಟು ಸಾಕಾಗ್ತಿರಲಿಲ್ಲ.”