ಪಾಸ್ಟರರ ಮಾತಿಗೆ ಆರ್ಗನ್ ನುಡಿಸಿದವನು

ಅಟ್ಲಾಂಟಾ ಕಡೆಯ ಮೇಕನ್ ಊರಿನ ನಮ್ಮ ಕಪ್ಪುಜನರ ಚರ್ಚಿನಲ್ಲಿ ರೆನಾರ್ಡ್ ಟಾಲಿವರ್ ಇಪ್ಪತ್ತೆರಡು ವರ್ಷ ಆರ್ಗನ್ ನುಡಿಸಿದ. ಹಾಡಿಗಷ್ಟೇ ಅಲ್ಲ, ಪಾಸ್ಟರ್ ಗೇನ್ಸರ ಬೋಧನೆಗೂ. ಅವರು ದನಿ ಏರಿಸಿದಾಗ ಇವನ ಬೆರಳೂ ಏರಬೇಕು. ಅವರು ಉಸಿರೆಳೆದುಕೊಳ್ಳುವಾಗ ಇವನು ನುಡಿಸಿ ಸಂದು ತುಂಬಬೇಕು. ಆಗಲೇ ಜನ ಎದ್ದು ಕುಣಿಯುವುದು. ಗೇನ್ಸರ ಅರ್ಧ ಪ್ರತಾಪ ರೆನಾರ್ಡನ ಬೆರಳಲ್ಲಿತ್ತು.

ಗಂಡಸನ್ನು ಪ್ರೀತಿಸುವ ಗಂಡಸಿಗೆ ನರಕವೇ ಗತಿ ಎಂದು ಗೇನ್ಸರು ಅಬ್ಬರಿಸಿದ ಭಾನುವಾರಗಳಲ್ಲೂ ಅವನು ನುಡಿಸಿದ. ಗಾಯಕರ ಸಾಲಿನಲ್ಲಿ ಲೆಮ್ಯುಯೆಲ್ ತಲೆ ತಗ್ಗಿಸಿ ನಿಂತಿರುತ್ತಿದ್ದ. ಹನ್ನೊಂದು ವರ್ಷದಿಂದ ಅವನದೂ ರೆನಾರ್ಡನದೂ ಒಂದೇ ಮನೆ. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮನೆಗೆ ಬಂದು ಎಷ್ಟು ಕೈ ತೊಳೆದರೂ ರೆನಾರ್ಡನಿಗೆ ಊಟ ಸೇರುತ್ತಿರಲಿಲ್ಲ. ತನ್ನ ಕೈಯೇ ತನಗೆ ಹೇಸಿಗೆ. ಕೊನೆಗೆ ಗುಟ್ಟಾಗಿ ಅಟ್ಲಾಂಟಾದ ಮನೋವೈದ್ಯರನ್ನು ಕಂಡು ಮಾತ್ರೆ ನುಂಗತೊಡಗಿದ. ನೀನೂ ಬಾ ಎಂದರೆ ಲೆಮ್ಯುಯೆಲ್ ಒಪ್ಪಲಿಲ್ಲ. ಅವನು ಚರ್ಚಿನ ಹಿರಿಯಮ್ಮ ಐಡೆಲಾ ಹತ್ತಿರ ಹೋದ.

"ಅಮ್ಮಾ, ನಿದ್ದೆ ಬರ್ತಿಲ್ಲ. ಬದುಕೋದೇ ಬೇಡ ಅನ್ಸುತ್ತೆ."

ಆಕೆ ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಅವನ ಅಂಗೈಗಿಟ್ಟಳು. "ಬಾಯಿಗೆ ಹಾಕ್ಕೋ ಮಗಾ. ಮೂರು ದಿನ ಉಪವಾಸ ಮಾಡು, ಸೈತಾನ ತಾನಾಗೇ ಜಾಗ ಖಾಲಿ ಮಾಡ್ತಾನೆ. ಹುಚ್ಚಿನ ಡಾಕ್ಟರು ಗೀಕ್ಟರು ಎಲ್ಲ ಬಿಳಿಯರಿಗೆ."

ಎರಡು ವಾರದಲ್ಲಿ ಲೆಮ್ಯುಯೆಲ್ ತನ್ನ ಪ್ರಾಣ ತಾನೇ ತೆಗೆದುಕೊಂಡ.

ಶವಸಂಸ್ಕಾರಕ್ಕೆ ಅಚ್ಚು ಹಾಕಿಸಿದ ಹಾಳೆಯ ಬಂಧುಗಳ ಪಟ್ಟಿಯಲ್ಲಿ ಅವನ ಸೋದರತ್ತೆಯ ನಾದಿನಿಯ ಹೆಸರೂ ಇತ್ತು. ರೆನಾರ್ಡನ ಹೆಸರು 'ಆರ್ಗನ್' ಎಂಬಲ್ಲಿ ಮಾತ್ರ. ಗೇನ್ಸರು ಬೆವರೊರೆಸಿಕೊಂಡು, ಪೆಟ್ಟಿಗೆಯಲ್ಲಿ ಮಲಗಿದವನ ಮುಂದೆಯೇ ನಾಚಿಕೆಯಿಲ್ಲದೆ ಶುರುಮಾಡಿದರು.

"ಪಾಪ ಮನೆ ಹೊಕ್ಕರೆ ಏನಾಗುತ್ತೆ, ನೋಡ್ಕೊಳ್ಳಿ."

ಉಸಿರೆಳೆದುಕೊಂಡು ಆರ್ಗನ್ನಿಗೆ ಕಾದರು. ರೆನಾರ್ಡ್ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಗೇನ್ಸರು ಇನ್ನೊಂದು ಸಲ ಹೇಳಿದರು. ಸಂಗೀತದ ಮುಸುಕಿಲ್ಲದೆ ಆ ಮಾತು ಎಷ್ಟು ಹೊಲಸಾಗಿ ಕೇಳಿಸಿತೆಂದರೆ, ಮುಂದಿನ ಸಾಲಿನವರು ನೆಲ ನೋಡಿದರು.

"ಸ್ವಲ್ಪ ಕೈ ಹಾಕಪ್ಪ, ರೆನಾರ್ಡ್," ಎಂದು ಗೇನ್ಸರು ಪಿಸುಗುಟ್ಟಿದರು.

"ಇಪ್ಪತ್ತೆರಡು ವರ್ಷ ಹಾಕಿದೀನಿ ಪಾಸ್ಟರೇ. ವಾಂತಿ ಬರುತ್ತೆ ನಂಗೆ. ಅವನಿಗೆ ಕಾಯಿಲೆ ಇತ್ತು, ಮದ್ದು ಬೇಕಿತ್ತು. ನಂಗೂ ಇದೆ, ನಾನು ತಗೋತಿದೀನಿ. ಹನ್ನೊಂದು ವರ್ಷ ಅವನು ನನ್ನವನಾಗಿದ್ದ."

ಆರ್ಗನ್ನಿನ ಮುಚ್ಚಳ ಹಾಕಿ ಬಂದು ಪೆಟ್ಟಿಗೆಯ ಪಕ್ಕ ನಿಂತ. ಅದರ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅದನ್ನು ಕಂಡ ಐಡೆಲಾ ಅಭ್ಯಾಸಬಲದಿಂದ ಕೈಚೀಲ ತೆರೆದು ಪೆಪ್ಪರ್‌ಮಿಂಟ್ ಚಾಚಿದಳು.

"ಬೇಡಮ್ಮಾ," ಎಂದ ರೆನಾರ್ಡ್. "ಅವನಿಗೂ ಇದನ್ನೇ ಕೊಟ್ಟಿದ್ರಿ."